ಇಪ್ಪತ್ತನಾಲ್ಕು ಸಾಲು ಸೊಪ್ಪು

ನಮ್ಮತ್ತೆ ಕನಕಪುರದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಸಲವೇ ನಮ್ಮ ತೋಟದ ಸೊಪ್ಪು ಕಳುವಾಗತೊಡಗಿತು. ಹಾಗಂತ ಮೊದಲು ಹೇಳಿದವರು ಅವರೇ. ನಾನು ನಂಬಿರಲಿಲ್ಲ. ಒಂದು ಕಣ್ಣಿಗೆ ಆಪರೇಷನ್ ಆಗಿ ಹೊಸ ಬೆಳಕು ಬಂದಿತ್ತು, ಇನ್ನೊಂದರಲ್ಲಿ ಪೊರೆ ಹಾಗೇ ಇತ್ತು. ಇಷ್ಟು ವರ್ಷ ಮಸುಕಾಗಿ ಕಂಡದ್ದು ಈಗ ಸ್ಪಷ್ಟವಾಗಿ ಕಂಡರೆ, ಗಿಡಗಳ ನಡುವೆ ಮೊದಲಿಂದಲೂ ಇದ್ದ ಸಂದಿಗಳೇ ಹೊಸದಾಗಿ ಕಾಣುತ್ತಿರಬಹುದು ಅಂದುಕೊಂಡೆ.

ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುವುದು ಅತ್ತೆಯ ಕೈಯಲ್ಲಿತ್ತು. ನನ್ನ ಗಂಡ ಸೊಪ್ಪು ಕುಯ್ದು ತರುವವರು. ನಾನು ಪಕ್ಕದ ಊರಿನ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿಗೆ ಗಣಿತ ಹೇಳಿಕೊಡುವವಳು, ಸಂಜೆ ಬಂದ ಮೇಲೆ ಹುಳು ಮನೆಯಲ್ಲಿ ಕೈಜೋಡಿಸುವವಳು. ಹುಳುವಿನ ವಿಷಯದಲ್ಲಿ ಅತ್ತೆಯ ಮಾತೇ ಕೊನೆ. ಯಾವ ಮೂಲೆಯ ಹುಳು ಸಪ್ಪಗಿದೆ, ಯಾವ ಹಾಸು ತೇವವಾಗಿದೆ ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದರು. ಆದರೆ ಆ ಸಲ ಡಾಕ್ಟರು ಖಂಡಿತವಾಗಿ ಹೇಳಿ ಕಳಿಸಿದ್ದರು: ಸುಣ್ಣದ ಪುಡಿ, ಬ್ಲೀಚಿಂಗ್ ಪೌಡರು ಇರುವ ಜಾಗಕ್ಕೆ ಕಾಲಿಡಕೂಡದು. ಹುಳು ಮನೆಯಲ್ಲಿ ಅವೆರಡು ಬಿಟ್ಟರೆ ಬೇರೇನಿದೆ? ಹಾಗಾಗಿ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತರು. ಜಗಲಿಯಿಂದ ಹುಳು ಮನೆ ಕಾಣುತ್ತಿರಲಿಲ್ಲ. ತೋಟ ಮಾತ್ರ ಕಾಣುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಅವರು ತೋಟವನ್ನೇ ನೋಡಿದರು.

"ಯಾರೋ ನಮ್ ಸೊಪ್ ಕುಯ್ತಾವ್ರೆ ಕಣವ್ವ," ಅಂದರು ಒಂದು ಸಂಜೆ, ನಾನು ಬಸ್ಸಿಳಿದು ಬಂದು ಬ್ಯಾಗು ಕೆಳಗಿಡುವ ಮೊದಲೇ.

"ನಾವೇ ಕುಯ್ತಾ ಇದೀವಲ್ಲ ಅತ್ತೆ."

"ನಾವ್ ಕುಯ್ಯೋದು ನಂಗೊತ್ತಿಲ್ವಾ? ಅದ್ಕಿಂತ ಜಾಸ್ತಿ ಹೋಗ್ತಾ ಐತೆ. ನಿನ್ನೆ ಆ ಬದೀನ್ ತಾವ ಕತ್ಲೆ ಇತ್ತು, ಇವತ್ತು ಬೆಳಕು ಕಾಣ್ತದೆ."

ಬದು ಅಂದಾಗಲೇ ಗೊತ್ತಾಯಿತು, ಅವರ ಮನಸ್ಸು ಎತ್ತ ಓಡುತ್ತಿದೆ ಎಂದು. ಬದುವಿನ ಆಚೆ ಇರುವುದು ಚಿಕ್ಕತ್ತೆಯ ತೋಟ. ನಮ್ಮ ಮಾವ ಮತ್ತು ಅವರ ತಮ್ಮ ಭಾಗವಾದಾಗ ಹಿಪ್ಪುನೇರಳೆ ತೋಟವನ್ನು ಸರಿ ಅರ್ಧಕ್ಕೆ ಸೀಳಿ ನಡುವೆ ಬದು ಹಾಕಿದ್ದರು. ಈ ಕಡೆ ಇಪ್ಪತ್ತನಾಲ್ಕು ಸಾಲು, ಆ ಕಡೆ ಇಪ್ಪತ್ತನಾಲ್ಕು ಸಾಲು. ಗಂಡಸರಿಬ್ಬರೂ ಈಗಿಲ್ಲ. ಓರಗಿತ್ತಿಯರಿಬ್ಬರೂ ಇದ್ದರು, ಬದುವೂ ಇತ್ತು. ಚಿಕ್ಕತ್ತೆ ತಮ್ಮ ಹುಳು ಮನೆಯ ಶೀಟು ಬದಲಾಯಿಸುತ್ತಿದ್ದರಿಂದ ಆ ಸಲ ಹುಳು ತಂದಿರಲಿಲ್ಲ. ಅವರ ಸೊಪ್ಪು ಆಳೆತ್ತರ ಬೆಳೆದು ನಿಂತಿತ್ತು.

"ಹುಳ ಇಲ್ದೋರಿಗೆ ನಮ್ ಸೊಪ್ಪು ಯಾಕತ್ತೆ? ಅವರ ತೋಟವೇ ತುಂಬಿದೆಯಲ್ಲ," ಅಂದೆ.

"ತನ್ನದು ಉಳ್ಸಿ ನಮ್ಮದ್ ಮೇಯ್ಸೋದು. ಮೇಕೆ ಅವಲ್ಲ ಅವಳ ತಾವ."

ಆಗ ಶಾಲೆಯಲ್ಲಿ ನಾನು ಭಿನ್ನರಾಶಿಗಳ ವ್ಯವಕಲನ ಮಾಡಿಸುತ್ತಿದ್ದೆ. ಮಕ್ಕಳು ಅದನ್ನು ಕಂಡರೆ ಹೆದರುತ್ತಾರೆ. ಮೇಲಿನದರಿಂದ ಮೇಲಿನದು, ಕೆಳಗಿನದರಿಂದ ಕೆಳಗಿನದು ಕಳೆದು ಕೈತೊಳೆದುಕೊಳ್ಳುತ್ತಾರೆ. ಅದಕ್ಕೇ ನಾನು ಲೆಕ್ಕ ಮಾಡುವ ಮೊದಲು ಅಂದಾಜು ಹೇಳಿಸುತ್ತೇನೆ. ಎಂಟರಲ್ಲಿ ಐದು ಪಾಲು ಅಂದರೆ ಎಷ್ಟಿದ್ದೀತು? ಸೊನ್ನೆಯ ಹತ್ತಿರವೋ, ಅರ್ಧದ ಹತ್ತಿರವೋ, ಒಂದರ ಹತ್ತಿರವೋ? ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅದರಿಂದ ಅರ್ಧ ಕಳೆದರೆ? ಸ್ವಲ್ಪವೇ ಉಳಿಯಬೇಕು. ಉತ್ತರ ದೊಡ್ಡದಾಗಿ ಬಂದರೆ ಎಲ್ಲೋ ತಪ್ಪಿದೆ ಎಂದು ಅನುಮಾನ ಬರಬೇಕು. "ನಿಮ್ಮ ಉತ್ತರವನ್ನು ನೀವೇ ಮೊದಲು ಅನುಮಾನಿಸಿ," ಎಂಬುದು ತರಗತಿಯಲ್ಲಿ ನಾನು ಸದಾ ಹೇಳುವ ಮಾತು.

ಹಾಗೆ ಹೇಳಿಬಂದವಳಿಗೆ ಮನೆಯಲ್ಲಿ ಸುಮ್ಮನಿರಲು ಆಗಲಿಲ್ಲ. ಭಾನುವಾರ ತೋಟಕ್ಕೆ ಇಳಿದೆ.

ನಮ್ಮಲ್ಲಿ ಹುಳುವನ್ನು ಮೊಟ್ಟೆಯಿಂದ ಸಾಕುವುದಿಲ್ಲ. ಚಾಕಿ ಸೆಂಟರಿನವರು ಮೊಟ್ಟೆಯೊಡೆಸಿ, ಎಳೆ ಹುಳುವನ್ನು ಎರಡು ಜ್ವರ ದಾಟಿಸಿ ಕೊಡುತ್ತಾರೆ. ಹುಳು ಮೇವು ಬಿಟ್ಟು ಮಲಗಿ ಚರ್ಮ ಕಳಚುವುದಕ್ಕೆ ಜ್ವರ ಅನ್ನುತ್ತೇವೆ. ಮನೆಗೆ ಬಂದ ಮೇಲೆ ಇನ್ನೆರಡು ಜ್ವರ. ನಾಲ್ಕನೆಯದು ದೊಡ್ಡ ಜ್ವರ. ಅದರಿಂದ ಎದ್ದ ಹುಳು ಮಳೆ ಸುರಿದ ಹಾಗೆ ಸದ್ದು ಮಾಡಿಕೊಂಡು ತಿನ್ನುತ್ತದೆ, ಹಣ್ಣಾಗಿ ಗೂಡು ಕಟ್ಟುವವರೆಗೂ ನಿಲ್ಲಿಸುವುದಿಲ್ಲ. ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳ ಇಡೀ ಗುಂಪಿಗೇ ನಾವು ಒಂದು ಮೊಟ್ಟೆ ಅನ್ನುತ್ತೇವೆ. ನೂರು ಮೊಟ್ಟೆಯ ಹುಳುವಿಗೆ ನಮ್ಮ ಇಪ್ಪತ್ತನಾಲ್ಕು ಸಾಲು ಸರಿಯಾಗಿ ಸಾಕು. ಅತ್ತೆಯ ಅನುಭವದ ಅಳತೆ ಎರಡೇ. ಹುಳು ದೊಡ್ಡ ಜ್ವರ ಎದ್ದಾಗ ತೋಟದಲ್ಲಿ ಆರರಲ್ಲಿ ಒಂದು ಪಾಲು ಖಾಲಿಯಾಗಿರಬೇಕು, ಅಂದರೆ ನಾಲ್ಕು ಸಾಲು. ಆಮೇಲಿನ ಮೇವಿನ ನಡುವಿಗೆ ಬಂದಾಗ ಅರ್ಧ ತೋಟ ಖಾಲಿ. ಇವೆರಡೂ ಯಾವ ಸಲವೂ ಹೆಚ್ಚು ತಪ್ಪಿದ್ದಿಲ್ಲ.

ಆ ಭಾನುವಾರಕ್ಕೆ ಹುಳು ದೊಡ್ಡ ಜ್ವರ ಎದ್ದು ಮೊದಲ ಮೇವು ಕೇಳುತ್ತಿದ್ದವು. ಕುಯ್ದ ಸಾಲುಗಳನ್ನು ನಾನು ನೋಡುತ್ತ ಹೋದೆ. ಒಂದು ಸಾಲು ಪೂರ್ತಿ ಆಗಿರುತ್ತದೆ, ಇನ್ನೊಂದು ಅರ್ಧಕ್ಕೆ ನಿಂತಿರುತ್ತದೆ, ಮತ್ತೊಂದರಲ್ಲಿ ತೆಳ್ಳನೆಯ ಕಡ್ಡಿಗಳನ್ನು ಹಾಗೇ ಬಿಟ್ಟಿರುತ್ತಾರೆ. ಎಲ್ಲ ಸೇರಿಸಿ ನನ್ನ ಅಂದಾಜಿಗೆ ಐದು ಸಾಲು ಬಂತು. ಇಪ್ಪತ್ತನಾಲ್ಕರಲ್ಲಿ ಐದು. ಅದರಿಂದ ಆರರಲ್ಲಿ ಒಂದನ್ನು, ಅಂದರೆ ಇಪ್ಪತ್ತನಾಲ್ಕರಲ್ಲಿ ನಾಲ್ಕನ್ನು ಕಳೆದರೆ ಇಪ್ಪತ್ತನಾಲ್ಕರಲ್ಲಿ ಒಂದು. ಒಂದೇ ಒಂದು ಸಾಲು. ಸೊನ್ನೆಯ ಪಕ್ಕದಲ್ಲೇ ಕೂತಿರುವ ಭಿನ್ನರಾಶಿ. ಅಂದಾಜಿನ ಲೆಕ್ಕದಲ್ಲಿ ಅಷ್ಟು ಏರುಪೇರು ಇದ್ದದ್ದೇ.

"ಒಂದು ಸಾಲು ಹೆಚ್ಚುಕಮ್ಮಿ ಇರಬೋದು ಅತ್ತೆ, ಅಷ್ಟೇ," ಎಂದು ಬಂದು ಹೇಳಿದೆ.

"ನೋಡ್ದಾ!" ಅತ್ತೆ ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ನೀನೇ ಹೇಳ್ದೆ. ಒಂದ್ ಸಾಲು."

ಸುಮ್ಮನೆ 'ಏನಿಲ್ಲ' ಅಂದಿದ್ದರೆ ಚೆನ್ನಾಗಿತ್ತು. ಟೀಚರ್ ಸೊಸೆ ಎಣಿಸಿ ಹೇಳಿದ್ದಾಳೆ ಎಂಬ ಬಲ ಅವರಿಗೆ ಬಂತು. ಅದರ ಮೇಲೆ ಇನ್ನೊಂದು. ಬದುವಿನ ಪಕ್ಕದ ಸಾಲಿನಲ್ಲಿ ಕೆಲವು ಬುಡಗಳ ಕುಯ್ಲು ಎದುರು ದಿಕ್ಕಿಗೆ ಓರೆಯಾಗಿತ್ತು. ಬಲಗೈಯಲ್ಲಿ ಕುಡುಗೋಲು ಹಿಡಿದವರು ಹಾಗೆ ಕುಯ್ಯುವುದಿಲ್ಲ. ಚಿಕ್ಕತ್ತೆ ಎಡಚಿ. ಇದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಅತ್ತೆ ಅಷ್ಟರಲ್ಲಿ ಕೋಲೂರಿಕೊಂಡು ಬಂದು ತಾವೇ ಬಗ್ಗಿ ನೋಡಿದ್ದರು.

ಅವತ್ತೇ ಬದುವಿನ ಮೇಲೆ ಜಗಳ ಆಯಿತು.

"ನನ್ ಸಾಲಿಗೆ ಕುಡುಗೋಲು ಹಾಕ್ದೋರು ಯಾರು ಅಂತ ನಂಗೊತ್ತು," ಎಂದು ಅತ್ತೆ ಗಾಳಿಗೆ ಹೇಳಿದ ಹಾಗೆ ಹೇಳಿದರು. ಚಿಕ್ಕತ್ತೆ ಆ ಕಡೆ ಮೇಕೆ ಕಟ್ಟುತ್ತಿದ್ದವರು ತಲೆಯೆತ್ತಿದರು.

"ಯಾರ್ಗೇಳ್ತಾ ಇದೀಯ ಅಕ್ಕ?"

"ಕುಯ್ದೋರ್ಗೆ ಹೇಳ್ತಾ ಇವ್ನಿ."

"ನನ್ ತೋಟ ನೋಡು, ಹೊಕ್ರೆ ಆಳು ಕಾಣಲ್ಲ. ನಿನ್ ಬೋಳು ಸಾಲು ನಂಗ್ಯಾಕೆ?"

"ಹಂಗಾದ್ರೆ ಕೆಂಗಲ್ ಹನುಮಂತರಾಯನ್ ಮುಂದೆ ಬಂದು ಆಣೆ ಮಾಡು. ಒಂದು ಕಡ್ಡೀನೂ ಮುಟ್ಟಿಲ್ಲ ಅಂತ."

ಚಿಕ್ಕತ್ತೆ ತಟ್ಟನೆ ಉತ್ತರ ಕೊಡಲಿಲ್ಲ. ಆ ಒಂದು ಕ್ಷಣದ ಮೌನವನ್ನು ನಾನೂ ಗಮನಿಸಿದೆ. ಆಮೇಲೆ ಅವರು, "ನನ್ ಬಾಯಲ್ಲಿ ದೇವ್ರ ಹೆಸ್ರು ಎಳೀಬ್ಯಾಡ. ಕಣ್ ಮಾಡುಸ್ಕಂಡ್ ಬಂದು ಕಂಡೋರ್ನೆಲ್ಲ ಕಳ್ರು ಅನ್ಬ್ಯಾಡ," ಎಂದು ಮೇಕೆಯನ್ನು ಎಳೆದುಕೊಂಡು ಹೋದರು. ನನ್ನ ಗಂಡ ಸೊಪ್ಪಿನ ಹೊರೆ ಹೊತ್ತು ಅಲ್ಲೇ ನಿಂತಿದ್ದರು. ಒಂದು ಮಾತೂ ಆಡಲಿಲ್ಲ. ಹೆಂಗಸರ ಜಗಳ ಎಂದು ಸುಮ್ಮನಿದ್ದಾರೆ ಅಂದುಕೊಂಡೆ.

ಅಲ್ಲಿಗೆ ಎರಡು ಮನೆಗೆ ಮಾತು ನಿಂತಿತು. ಕರಿಬೇವು ಕೇಳಲು ಬರುವುದು, ಮೊಸರು ಮುಗಿದರೆ ಹೆಪ್ಪಿಗೆ ಬರುವುದು, ಎಲ್ಲ ನಿಂತವು. ನನಗೆ ಚಿಕ್ಕತ್ತೆಯ ಮೇಲೆ ಹಿಂದೆ ಯಾವ ಕಹಿಯೂ ಇರಲಿಲ್ಲ. ಮಾಗಡಿ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ, ಬೆಳಗ್ಗೆ ಎದ್ದರೆ ಸಾವನದುರ್ಗದ ಬೆಟ್ಟ ಕಾಣದ ಊರಿನಲ್ಲಿ ಹೇಗಿರುವುದು ಎಂದು ಅಳುತ್ತಿದ್ದಾಗ ಮೊದಲು ಮಾತಾಡಿಸಿದವರೇ ಅವರು. ಆದರೂ ಆ ಕ್ಷಣದ ಮೌನ ನನ್ನೊಳಗೆ ಕೂತುಬಿಟ್ಟಿತ್ತು. ಕುಯ್ಯದವರು ಯಾಕೆ ತಡವರಿಸಬೇಕು? ಬೆಳಗ್ಗೆ ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ನನ್ನ ಕಣ್ಣು ಬದುವಿನ ಕಡೆಗೇ ಹೋಗುತ್ತಿತ್ತು. ಅವರು ಬದುವಿನ ಮೇಲೆ ನಡೆದು ಹೋದರೆ ಕೈಯಲ್ಲಿ ಏನಿದೆ ಎಂದು ನೋಡುತ್ತಿದ್ದೆ. ಹಲ್ಲುಜ್ಜುವ ಬೇವಿನ ಕಡ್ಡಿಯೂ ನನಗೆ ಹಿಪ್ಪುನೇರಳೆ ಕಡ್ಡಿಯಂತೆಯೇ ಕಾಣುತ್ತಿತ್ತು.

ಮೇವಿನ ನಡುವಿಗೆ ಬಂದಾಗ ಮತ್ತೆ ಎಣಿಸಿದೆ. ಈ ಸಲ ಎಣಿಸುವುದೇ ಬೇಕಿರಲಿಲ್ಲ, ಜಗಲಿಯಿಂದಲೇ ಗೊತ್ತಾಗುತ್ತಿತ್ತು. ಅರ್ಧ ಉಳಿದಿರಬೇಕಾದ ತೋಟದಲ್ಲಿ ಒಂಬತ್ತು ಸಾಲು ನಿಂತಿದ್ದವು. ಹದಿನೈದು ಖಾಲಿ. ಎಂಟರಲ್ಲಿ ಐದು ಪಾಲು ಹೋಗಿತ್ತು. ಅರ್ಧ ಕಳೆದರೆ ಎಂಟರಲ್ಲಿ ಒಂದು, ಕಾಲು ಪಾಲಿನಲ್ಲಿ ಅರ್ಧ, ಮೂರು ಸಾಲು. ಅಂದಾಜಿನ ಏರುಪೇರು ಎಂದು ತಳ್ಳಿಹಾಕುವ ಮಾತೇ ಇಲ್ಲ.

"ಒಂದು ಇದ್ದದ್ದು ಮೂರಾಗಿದೆ," ಎಂದೆ ಅತ್ತೆಗೆ.

"ಆಯ್ತದೆ. ಒಂದ್ ಸಲ ದಕ್ಕಿದ್ರೆ ಧೈರ್ಯ ಬತ್ತದೆ. ಇನ್ನೊಂದ್ ದಪ ಬುಟ್ರೆ ಹುಳಕ್ಕೆ ಹಾಕಕ್ಕೆ ಏನೂ ಇರಕಿಲ್ಲ ನೋಡು."

ಆ ಸಂಜೆ ನಾನೊಂದು ಕೆಲಸ ಮಾಡಿದೆ. ಬದುವಿಗೆ ಹೊಂದಿಕೊಂಡ ಸಾಲಿನ ಉದ್ದಕ್ಕೂ, ಗಿಡದಿಂದ ಗಿಡಕ್ಕೆ ಮೊಣಕಾಲೆತ್ತರದಲ್ಲಿ ಹೊಲಿಗೆಯ ಹಸಿರು ದಾರ ಕಟ್ಟಿಕೊಂಡು ಬಂದೆ. ದಾರ ಹರಿಯದೆ ಆ ಕಡೆಯಿಂದ ಈ ಕಡೆಗೆ ಯಾರೂ ಬರಲು ಸಾಧ್ಯವಿರಲಿಲ್ಲ. ಮಿಕ್ಕ ಮೂರು ಕಡೆ ಮುಳ್ಳುತಂತಿ ಇತ್ತು, ಗೇಟು ನಮ್ಮ ಜಗಲಿಯ ಎದುರಿಗೇ ಇತ್ತು. ಗಂಡನಿಗೂ ಹೇಳಲಿಲ್ಲ. ಅತ್ತೆಗೂ ಹೇಳಲಿಲ್ಲ, ಹೇಳಿದ್ದರೆ ದಾರದ ಪಕ್ಕದಲ್ಲೇ ಹೋಗಿ ಕೂರುತ್ತಿದ್ದರು.

ಮಾರನೆಯ ಬೆಳಗ್ಗೆ ಹೋಗಿ ನೋಡಿದೆ. ದಾರ ಹಾಗೇ ಇತ್ತು, ಇಬ್ಬನಿ ಕೂತು ಹೊಳೆಯುತ್ತಿತ್ತು. ಅದರ ಮಾರನೆಯ ಬೆಳಗ್ಗೆಯೂ ಹಾಗೇ ಇತ್ತು. ಆದರೆ ಆ ಎರಡು ದಿನದಲ್ಲಿ ಸೊಪ್ಪು ಮಾತ್ರ ಲೆಕ್ಕಕ್ಕಿಂತ ಬೇಗ ಇಳಿಯುತ್ತಲೇ ಇತ್ತು. ಕಳ್ಳ ಬದುವಿನಾಚೆಯಿಂದ ಬರುತ್ತಿಲ್ಲ ಅಂದರೆ ಈಚೆಯೇ ಇದ್ದಾನೆ.

ಅವತ್ತು ಶಾಲೆಯಲ್ಲಿ ಬೀಜಗಣಿತದ ಮೊದಲ ಪಾಠ. ಲೆಕ್ಕದೊಳಗೆ ಅಕ್ಷರ ಬಂದದ್ದು ಕಂಡು ಮಕ್ಕಳೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತರು.

"ಮಿಸ್, ಎಕ್ಸ್ ಅಂದ್ರೆ ಯಾರು?" ಎಂದು ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ. ಏನು ಅಂತಲ್ಲ, ಯಾರು ಅಂತ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ.

"ಯಾರು ಅಂತ ಗೊತ್ತಿಲ್ಲದ್ದಕ್ಕೇ ಎಕ್ಸ್ ಅಂತ ಕರೀತೀವಿ. ಗೊತ್ತಿರೋದನ್ನೆಲ್ಲ ಒಂದು ಕಡೆ ಕೂರಿಸಿದರೆ ಅದು ತಾನಾಗಿಯೇ ಹೊರಗೆ ಬರುತ್ತೆ," ಎಂದು ಬೋರ್ಡಿನ ಮೇಲೆ ಎರಡು ಲೆಕ್ಕ ಬರೆದೆ. ಒಂದು ಕೂಡುವುದು: ನನ್ನಲ್ಲಿರುವುದಕ್ಕೆ ಎಕ್ಸ್ ಸೇರಿಸಿದರೆ ಇಷ್ಟಾಗುತ್ತದೆ, ಎಕ್ಸ್ ಎಷ್ಟು? ಇನ್ನೊಂದು ಗುಣಿಸುವುದು: ನನ್ನಲ್ಲಿರುವುದನ್ನು ಎಕ್ಸ್‌ನಿಂದ ಗುಣಿಸಿದರೆ ಇಷ್ಟಾಗುತ್ತದೆ, ಎಕ್ಸ್ ಎಷ್ಟು? ಮಕ್ಕಳು ಬರೆದುಕೊಳ್ಳುತ್ತಿದ್ದರು. ನಾನು ಸೀಮೆಸುಣ್ಣ ಹಿಡಿದು ಆ ಎರಡನೆಯ ಲೆಕ್ಕವನ್ನೇ ನೋಡುತ್ತ ನಿಂತೆ. ಇಷ್ಟು ದಿನ ನಾನು ಮನೆಯಲ್ಲಿ ಮೊದಲನೆಯದನ್ನಷ್ಟೇ ಮಾಡಿದ್ದೆ. ನಮ್ಮ ಹುಳು ತಿಂದದ್ದು, ಅದಕ್ಕೆ ಸೇರಿಸಿ ಕಳ್ಳಿ ಕುಯ್ದದ್ದು. ಎರಡನೆಯದನ್ನು ಯೋಚಿಸಿಯೇ ಇರಲಿಲ್ಲ.

ಸಂಜೆ ಬಂದವಳು ಸೀದಾ ಹುಳು ಮನೆಗೆ ಹೋದೆ. ಗಂಡ ತೋಟದಲ್ಲಿದ್ದರು. ಬಾಗಿಲ ಬಳಿಯ ಸಿಮೆಂಟು ನೆಲದ ಮೇಲೆ ಸುಣ್ಣದ ಪುಡಿ ಉದುರಿತ್ತು, ಅದರಲ್ಲೇ ಬೆರಳಿನಿಂದ ಬರೆದೆ. ಮೊದಲು ಕಳ್ಳಿಯ ಲೆಕ್ಕ. ಆರರಲ್ಲಿ ಒಂದಕ್ಕೆ ಎಕ್ಸ್ ಕೂಡಿದರೆ ಇಪ್ಪತ್ತನಾಲ್ಕರಲ್ಲಿ ಐದು, ಆಗ ಎಕ್ಸ್ ಒಂದು ಸಾಲು. ಅರ್ಧಕ್ಕೆ ಎಕ್ಸ್ ಕೂಡಿದರೆ ಎಂಟರಲ್ಲಿ ಐದು, ಆಗ ಎಕ್ಸ್ ಮೂರು ಸಾಲು. ಎರಡು ಸಲ ಎರಡು ಉತ್ತರ. ಆಮೇಲೆ ಗುಣಾಕಾರ. ಆರರಲ್ಲಿ ಒಂದನ್ನು ಎಷ್ಟರಿಂದ ಗುಣಿಸಿದರೆ ಇಪ್ಪತ್ತನಾಲ್ಕರಲ್ಲಿ ಐದು? ನಾಲ್ಕು ಸಾಲಿನ ಬದಲು ಐದು ಸಾಲು, ಅಂದರೆ ಐದರ ಕೆಳಗೆ ನಾಲ್ಕು, ಒಂದೂಕಾಲು. ಅರ್ಧವನ್ನು ಎಷ್ಟರಿಂದ ಗುಣಿಸಿದರೆ ಎಂಟರಲ್ಲಿ ಐದು? ಹನ್ನೆರಡು ಸಾಲಿನ ಬದಲು ಹದಿನೈದು. ಮತ್ತೆ ಒಂದೂಕಾಲು.

ಎರಡು ಸಲವೂ ಒಂದೇ ಉತ್ತರ. ಅಳಿಸಿ ಮತ್ತೆ ಮಾಡಿದೆ. ಅದೇ ಬಂತು. ಕಳ್ಳಿಯೊಬ್ಬಳು ನಮ್ಮ ಹುಳುವಿನ ಹಸಿವನ್ನು ಅಳೆದು, ಹುಳು ತಿಂದಷ್ಟಕ್ಕೆ ಸರಿಯಾಗಿ ಕಾಲು ಪಾಲು ಸೇರಿಸಿ ಕದಿಯುವುದಿಲ್ಲ. ಸೊಪ್ಪು ಎಲ್ಲೂ ಹೋಗುತ್ತಿರಲಿಲ್ಲ. ತಿನ್ನುವ ಬಾಯಿಗಳೇ ಕಾಲು ಪಾಲು ಜಾಸ್ತಿ ಇದ್ದವು.

ಎದ್ದು ನಿಂತು ಹುಳುವಿನ ಅಟ್ಟಣಿಗೆಗಳನ್ನು ನೋಡಿದೆ. ಎರಡು ಅಂತಸ್ತಿನಲ್ಲಿ ಹಾಸುವುದು ನಮ್ಮ ರೂಢಿ. ಈ ಸಲ ಕೆಳಗಿನ ಮೂರನೇ ಅಂತಸ್ತಿನ ಅರ್ಧದವರೆಗೂ ಹುಳು ಇತ್ತು. "ತೇವ ಜಾಸ್ತಿ, ಗಾಳಿ ಆಡ್ಲಿ ಅಂತ ಅಗಲ ಹಾಸಿವ್ನಿ," ಎಂದು ಗಂಡ ಹೇಳಿದ್ದರು, ನಾನು ಹೌದೆಂದುಕೊಂಡಿದ್ದೆ. ಈಗ ಬಗ್ಗಿ ನೋಡಿದರೆ ಅಗಲವಾಗಿ ಹಾಸಿದ್ದೇನೂ ಇರಲಿಲ್ಲ. ಮೇಲೆಷ್ಟು ಒತ್ತಾಗಿತ್ತೋ ಕೆಳಗೂ ಅಷ್ಟೇ ಒತ್ತು. ಅತ್ತೆ ಒಮ್ಮೆ ಬಾಗಿಲಿಗೆ ಬಂದಿದ್ದರೆ ಸಾಕಿತ್ತು, ಒಂದೇ ನೋಟಕ್ಕೆ ಸಿಕ್ಕಿಬೀಳುತ್ತಿತ್ತು.

ಗಂಡ ಹೊರೆ ಹೊತ್ತು ಬಂದರು. ನೆಲದ ಮೇಲಿನ ಬರಹ ನೋಡಿದರು, ನನ್ನನ್ನು ನೋಡಿದರು.

"ಏನಿದು?"

"ಎಷ್ಟು ಮೊಟ್ಟೆಯ ಚಾಕಿ ತಂದ್ರಿ?"

"ನೂರು. ಯಾವಾಗ್ಲೂ ತರೋದು ನೂರೇ ಅಲ್ವಾ."

"ನೂರಿಪ್ಪತ್ತೈದು," ಅಂದೆ.

ಅವರು ಹೊರೆ ಇಳಿಸಿದರು. ಇಳಿಸುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. "ಯಾರೇಳಿದ್ರು? ಚಾಕಿ ಸೆಂಟರ್ನೋರು ಸಿಕ್ಕಿದ್ರಾ?"

"ಯಾರೂ ಹೇಳಲಿಲ್ಲ. ಸೊಪ್ಪು ಹೇಳ್ತು."

ಆಮೇಲೆ ಒಂದೊಂದೇ ಹೊರಗೆ ಬಂತು. ಚನ್ನಪಟ್ಟಣದ ಕಡೆಯವರೊಬ್ಬರು ಹೇಳಿಟ್ಟಿದ್ದ ಹುಳು ಉಳಿದುಬಿಟ್ಟಿತ್ತಂತೆ. ಮನೆಯಲ್ಲಿ ಸಾವಾಗಿ ಸೂತಕ ಎಂದು ಅವರು ಬರಲಿಲ್ಲ. ಇಪ್ಪತ್ತೈದು ಮೊಟ್ಟೆಯ ಹುಳು, ಚೆನ್ನಾಗಿ ಎದ್ದಿದ್ದವು. ಯಾರೂ ಒಯ್ಯದಿದ್ದರೆ ಗುಂಡಿಗೆ ಹಾಕುತ್ತೇವೆ ಎಂದು ಸೆಂಟರಿನವರು ಹೇಳಿದರಂತೆ.

"ಜೀವ ಅಲ್ವೇನೆ. ಹೆಂಗ್ ಬುಟ್ಬರ್ಲಿ? ಆಸೆ ಇರ್ಲಿಲ್ಲ ಅಂತ ಹೇಳಲ್ಲ, ಅದೂ ಇತ್ತು. ಒಸಿ ಎಳೆದ್ರೆ ಸೊಪ್ಪು ಸಾಕಾಯ್ತದೆ ಅಂದ್ಕಂಡೆ."

"ಅತ್ತೆಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ವಾಪಸ್ ಕಳ್ಸೋಳು. ಮೊದ್ಲು ಸೊಪ್ಪು ನೋಡು, ಆಮೇಲೆ ಹುಳ ತಾ ಅಂತಾಳೆ. ಕಣ್ಣು ಬೇರೆ ಹಂಗಿತ್ತು, ಕೂಗಾಡಿ ಒತ್ತಡ ಆಗಬಾರ್ದು ಅಂದಿದ್ರು ಡಾಕ್ಟ್ರು."

ಇದನ್ನೆಲ್ಲ ನಾನು ಕ್ಷಮಿಸಬಲ್ಲವಳಾಗಿದ್ದೆ. ಕ್ಷಮಿಸಲಾಗದ್ದು ಇನ್ನೊಂದಿತ್ತು.

"ಬದುವಿನ ಮೇಲೆ ಚಿಕ್ಕತ್ತೆಗೆ ಕಳ್ಳಿ ಅಂದಾಗ ನೀವಲ್ಲೇ ನಿಂತಿದ್ರಿ."

ಅವರು ಹೊರೆ ಬಿಚ್ಚಿದರು. ಕಡ್ಡಿಗಳನ್ನು ಒಂದೊಂದಾಗಿ ಹುಳುವಿನ ಮೇಲೆ ಇಡುತ್ತಿದ್ದರು. ನಾನೂ ಒಂದು ಹಿಡಿ ಎತ್ತಿಕೊಂಡು ಇಡತೊಡಗಿದೆ, ಹುಳು ಕಾಯುವುದಿಲ್ಲವಲ್ಲ. ಹುಳು ತಿನ್ನುವ ಸದ್ದು ಮನೆಯ ತುಂಬ ಇತ್ತು. ಆ ಮೂಲೆಯಿಂದ ಈ ಮೂಲೆಯವರೆಗೆ ಇಬ್ಬರೂ ಹಾಸಿ ಮುಗಿಸಿದೆವು. ಮುಗಿದ ಮೇಲೆ ಅವರೇ, "ನಾನ್ ಹೇಳ್ತೀನಿ ಅವ್ವನಿಗೆ. ಇವತ್ತೇ ಹೇಳ್ತೀನಿ," ಅಂದರು.

ಅತ್ತೆ ಕೂಗಾಡಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಮಗ ಹೇಳುವುದನ್ನೆಲ್ಲ ಕೇಳಿದರು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೆಷ್ಟು ಸಾಲು ಬೇಕಾಯ್ತದೆ, ನಿನ್ ಲೆಕ್ಕದಾಗೆ?" ಎಂದು ಕೇಳಿದರು.

ಒಂದೂಕಾಲು ತೋಟ ಬೇಕು, ಇರುವುದು ಒಂದು. ಒಂದೂಕಾಲಿನಲ್ಲಿ ಒಂದು ಕಳೆದರೆ ಕಾಲು. ಇಪ್ಪತ್ತನಾಲ್ಕರ ಕಾಲು, ಆರು ಸಾಲು. "ನಮ್ಮದು ಪೂರ್ತಿ ಮುಗಿದ ಮೇಲೂ ಇನ್ನೂ ಆರು ಸಾಲು ಸಾಲದೆ ಬರುತ್ತೆ ಅತ್ತೆ," ಅಂದೆ.

"ಆರು." ಅವರು ತೋಟದ ಕಡೆ ನೋಡಿದರು. ಬದುವಿನಾಚೆ ಚಿಕ್ಕತ್ತೆಯ ಸೊಪ್ಪು ಸಂಜೆಗಾಳಿಗೆ ಅಲೆ ಎದ್ದ ಹಾಗೆ ಆಡುತ್ತಿತ್ತು. ಇಡೀ ಊರಿನಲ್ಲಿ ಆಗ ಕುಯ್ಲಿಗೆ ಬಂದು ಯಾರಿಗೂ ಮಾರಾಟಕ್ಕೆ ಮಾತಾಗದೆ ನಿಂತಿದ್ದ ಸೊಪ್ಪು ಅದೊಂದೇ. "ಕೋಲು ಕೊಡು," ಅಂದರು.

ಗಂಡ, "ನಾನ್ ಹೋಗ್ಬತ್ತೀನಿ ಅವ್ವ, ತಪ್ಪು ನಂದು," ಅಂದರು.

"ನಿಂದು ನೀನ್ ಆಮೇಲೆ ಹೇಳ್ಕೋ. ಕಳ್ಳಿ ಅಂದೋಳು ನಾನು."

ನಾನೂ ಜೊತೆಗೆ ಹೋದೆ. ಚಿಕ್ಕತ್ತೆ ಅವರ ಮನೆಯ ಮುಂದೆ ಅವರೆಕಾಯಿ ಸುಲಿಯುತ್ತಿದ್ದರು. ನಮ್ಮನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ, ಕೂರಿ ಎನ್ನಲಿಲ್ಲ. ಅತ್ತೆ ನಿಂತೇ ಹೇಳಿದರು. ಮಗ ಮುಚ್ಚಿಟ್ಟದ್ದು, ಸೊಸೆ ಲೆಕ್ಕ ಹಾಕಿ ಕಂಡುಹಿಡಿದದ್ದು, ಎಲ್ಲ. "ನಿನ್ನನ್ನ ಅನ್ಬಾರ್ದಾಗಿತ್ತು. ತಪ್ಪಾಯ್ತು ಕಣೆ," ಅಂದರು. ನಾನು ಮದುವೆಯಾಗಿ ಬಂದ ಮೇಲೆ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಚಿಕ್ಕತ್ತೆ ಒಂದು ಕಾಯಿ ಸುಲಿದರು, ಇನ್ನೊಂದು ಸುಲಿದರು. "ಈಗ್ ಯಾಕ್ ಬಂದೆ? ತಪ್ಪಾಯ್ತು ಅನ್ನಕ್ಕೋ, ಸೊಪ್ ಕೇಳಕ್ಕೋ?"

"ಎರಡಕ್ಕೂವೆ."

"ಅದೇ ಅಂದ್ಕಂಡೆ. ಸೊಪ್ಪು ಸಾಲ್ದೆ ಬರದೇ ಇದ್ದಿದ್ರೆ ತಪ್ಪಾಯ್ತು ಅಂತಿದ್ದಾ ನೀನು?"

ಅತ್ತೆ ಯೋಚಿಸಿದರು. ಸುಳ್ಳು ಹೇಳಬಹುದಿತ್ತು. "ಗೊತ್ತಿಲ್ಲ ಕಣೆ," ಅಂದರು.

ಆ ಉತ್ತರವೇ ಚಿಕ್ಕತ್ತೆಗೆ ಹಿಡಿಸಿತೋ ಏನೋ. ಮೊರ ಪಕ್ಕಕ್ಕಿಟ್ಟು, "ಕೂತ್ಕ, ಗಾಳಿಗೆ ಕಣ್ಣು ನೀರಾಡ್ತಾ ಐತೆ," ಅಂದರು. ಆಮೇಲೆ ನನ್ನನ್ನು ನೋಡಿ, "ಎಷ್ಟು ಸಾಲು?" ಅಂದರು.

"ಆರು, ಚಿಕ್ಕತ್ತೆ."

"ಹೆಂಗೆ ಆರು? ಸುಮ್ಕೆ ಆರು ಅಂದ್ರೆ ನಂಬಲ್ಲ ನಾನು."

ನಾನು ಅವರೆಕಾಳನ್ನೇ ಎಣಿಸಿಟ್ಟು ತೋರಿಸಿದೆ. ನಾಲ್ಕು ಕಾಳು ತಿನ್ನಬೇಕಾದ ಜಾಗದಲ್ಲಿ ಐದು, ಹನ್ನೆರಡು ತಿನ್ನಬೇಕಾದಲ್ಲಿ ಹದಿನೈದು, ಹಾಗಾದರೆ ಇಪ್ಪತ್ತನಾಲ್ಕಾಗಬೇಕಾದಲ್ಲಿ ಮೂವತ್ತು. ಅವರು ಒಮ್ಮೆ ತಾವೇ ಎಣಿಸಿ ನೋಡಿದರು. "ಆರು ಅಂದ್ರೆ ಆರೇ," ಅಂದರು. "ಏಳ್ನೇ ಸಾಲಿಗೆ ಕುಡುಗೋಲು ಸೋಕಬಾರ್ದು. ನಾನಿದ್ದಾಗ್ಲೇ ಕುಯ್ಬೇಕು. ಮತ್ತೆ ನಿನ್ ಗಂಡನ್ನ ಒಸಿ ಕಳ್ಸು, ಮಾತಾಡ್ಬೇಕು."

ಎದ್ದು ಹೊರಟಾಗ ಅವರೇ ಕರೆದರು. "ಅಕ್ಕ, ಆಣೆ ಮಾಡು ಅಂದ್ಯಲ್ಲ ಅವತ್ತು. ಮಾಡಕ್ಕಾಗ್ತಿರ್ಲಿಲ್ಲ ನಂಗೆ. ಮರಿ ಹಾಕಿದ್ ಮೇಕೆ ಮೇವ್ ಬುಟ್ಟಿತ್ತು, ನಿನ್ ಸಾಲಿನ್ದು ಎಳೆ ಸೊಪ್ಪು ಅಂತ ಒಂದು ತೆಕ್ಕೆ ಕುಯ್ದಿದ್ದೆ. ಒಂದೇ ತೆಕ್ಕೆ."

ಅತ್ತೆ ನನ್ನ ಮುಖ ನೋಡಿದರು. ಒಂದು ತೆಕ್ಕೆ ಅಂದರೆ ಸಾಲಿನಲ್ಲಿ ಎಷ್ಟನೇ ಪಾಲು ಎಂದು ಕೇಳುವಂತಿತ್ತು ಆ ನೋಟ. ನನ್ನ ಅಂದಾಜಿನ ಏರುಪೇರಿನಲ್ಲಿ ಅಂಥ ನಾಲ್ಕು ತೆಕ್ಕೆ ಕಾಣದೆ ಹೋಗಬಹುದಿತ್ತು. ಒಂದೇ ತೆಕ್ಕೆಯೋ ನಾಲ್ಕೋ, ಅದನ್ನು ಹೇಳುವ ಲೆಕ್ಕ ನನ್ನಲ್ಲಿರಲಿಲ್ಲ.

ಗಂಡ ಅವತ್ತು ಕತ್ತಲಾದ ಮೇಲೆ ಚಿಕ್ಕತ್ತೆಯ ಮನೆಗೆ ಹೋಗಿ ಬಂದರು. ಏನು ಮಾತಾಯಿತು ಎಂದು ಹೇಳಲಿಲ್ಲ. ಬಂದವರು ಊಟಕ್ಕೆ ಕೂತು, "ಚಿಕ್ಕವ್ವ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು," ಎಂದಷ್ಟೇ ಅಂದರು. ಮುಂದಿನ ವಾರ ಅವರ ಹುಳು ಮನೆಯ ಶೀಟು ಏರಿಸುವುದಕ್ಕೆ ತಾವಾಗಿಯೇ ಹೋಗಿ ಇಡೀ ದಿನ ನಿಂತರು.

ಸೊಪ್ಪನ್ನು ಚಿಕ್ಕತ್ತೆ ಹೇಳಿದ ಹಾಗೆಯೇ ಕುಯ್ದೆವು. ಅವರು ಬದುವಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿರುತ್ತಿದ್ದರು. ಆರನೇ ಸಾಲಿನ ಸ್ವಲ್ಪ ಭಾಗ ಹಾಗೇ ಉಳಿಯಿತು, ಅಷ್ಟರಲ್ಲಿ ಹುಳು ಹಣ್ಣಾದವು. ಮೈ ಹಳದಿಗೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕತೊಡಗಿದ ಮೇಲೆ ಒಂದು ಗಳಿಗೆಯೂ ಪುರುಸೊತ್ತಿರುವುದಿಲ್ಲ. ಅವನ್ನು ಆರಿಸಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರು ತಟ್ಟೆಗೆ ಬಿಡಬೇಕು. ಕಾಲು ಪಾಲು ಜಾಸ್ತಿ ಹುಳುವಿಗೆ ನಮ್ಮ ಚಂದ್ರಿಕೆಗಳೂ ಸಾಲಲಿಲ್ಲ. ಅದನ್ನು ನಾವು ಯಾರೂ ಯೋಚಿಸಿರಲಿಲ್ಲ, ಲೆಕ್ಕ ಹಾಕಿದ ನಾನೂ ಸೇರಿ. ಚಿಕ್ಕತ್ತೆಯೇ ತಮ್ಮ ಚಂದ್ರಿಕೆ ಕಳಿಸಿದರು, ಅವರೂ ಬಂದು ಆರಿಸಲು ಕೂತರು.

ಗೂಡು ಚೆನ್ನಾಗಿ ಬಂತು. ಬಿಡಿಸುವ ದಿನ ಓರಗಿತ್ತಿಯರಿಬ್ಬರೂ ಜಗಲಿಯ ಮೇಲೆ ಎದುರುಬದುರಾಗಿ ಕೂತು ಬಿಡಿಸಿದರು. ನನ್ನ ಗಂಡ ಚೀಲ ಕಟ್ಟಿ, ಬೆಳಗಿನ ಜಾವವೇ ರಾಮನಗರದ ಮಾರ್ಕೆಟ್ಟಿಗೆ ಒಯ್ಯಲು ಗಾಡಿ ಮಾತಾಡಿ ಬಂದರು. ಮಾತಿನ ನಡುವೆ ಅತ್ತೆ ಇನ್ನೊಂದು ಕಣ್ಣಿನ ಆಪರೇಷನ್ ವಿಷಯ ತೆಗೆದರು. ಶಾಲೆಗೆ ರಜೆ ಹಾಕಿ ನಾನು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು.

"ಅವಳ್ಯಾಕೆ ರಜ ಹಾಕ್ಬೇಕು? ನಾನ್ ಬತ್ತೀನಿ ಬುಡು," ಅಂದರು ಚಿಕ್ಕತ್ತೆ.

ಅತ್ತೆ ಹೂಂ ಅಂದರು. ಸಂಜೆ ಚಿಕ್ಕತ್ತೆ ಎದ್ದು ಹೋದ ಮೇಲೆ ನನ್ನನ್ನು ಹತ್ತಿರ ಕರೆದು, ತಗ್ಗಿದ ದನಿಯಲ್ಲಿ ಕೇಳಿದರು:

"ಅವಳು ತಾನಾಗೇ ಬತ್ತೀನಿ ಅಂದ್ಲಲ್ಲ, ಯಾಕಿರ್ಬೋದು?"

"ಅಕ್ಕ ಅಂತ ಇರ್ಬೇಕು ಅತ್ತೆ."

"ಇರ್ಬೋದು," ಅಂದರು, ನಂಬದ ದನಿಯಲ್ಲಿ. ಮುಂದಿನ ತಿಂಗಳು ಇಬ್ಬರೂ ಕನಕಪುರದ ಬಸ್ಸು ಹತ್ತಿದರು. ಅತ್ತೆ ಕಿಟಕಿಯ ಪಕ್ಕ ಕೂತಿದ್ದರು. ಚಿಕ್ಕತ್ತೆ ಆಸ್ಪತ್ರೆಯ ಚೀಟಿ ಇದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಬಸ್ಸು ಹೊರಟಾಗ ಅತ್ತೆಯ ಒಂದು ಕೈಯೂ ಆ ಚೀಲದ ಹಿಡಿಯ ಮೇಲಿತ್ತು.